ಏಳು ರಟ್ಟಿನ ಪೆಟ್ಟಿಗೆಗಳು

ಮನುಷ್ಯನ ನೆನಪನ್ನು ನಂಬಬಾರದು ಎಂಬುದು ನನ್ನ ಉದ್ಯೋಗದ ಮೊದಲ ಪಾಠ. ಇತಿಹಾಸದಲ್ಲಿ ಎಂ.ಎ. ಮಾಡಿ, ಹಳೆಯ ಕಾಗದಪತ್ರಗಳ ಸಂಗ್ರಹವೊಂದರಲ್ಲಿ ಹನ್ನೊಂದು ವರ್ಷಗಳಿಂದ ಧೂಳು ಕುಡಿಯುತ್ತಿರುವ ನಾನು, ಯಾರಾದರೂ 'ನನಗೆ ಚೆನ್ನಾಗಿ ಜ್ಞಾಪಕವಿದೆ' ಎಂದರೆ ಸಾಕು, 'ದಾಖಲೆ ಇದೆಯೇ?' ಎಂದು ಕೇಳಿಬಿಡುತ್ತೇನೆ. ಮದುವೆಮನೆಗಳಲ್ಲಿ ಹಿರಿಯರು ನನ್ನ ಪಕ್ಕದ ಎಲೆಗೆ ಕೂರುವುದನ್ನು ಬಿಟ್ಟಿರುವುದು ಇದರಿಂದಲೇ.

ನಮ್ಮ ಕೆಲಸದಲ್ಲಿ ಇನ್ನೊಂದು ನಿಯಮವಿದೆ. ಕಾಗದಗಳನ್ನು ವಿಷಯ ನೋಡಿ ಬೆರೆಸಬಾರದು. ಯಾರಿಂದ ಬಂದವೋ ಅವರ ಹೆಸರಿನಲ್ಲೇ ಇಡಬೇಕು. ಅಮಲ್ದಾರರೊಬ್ಬರ ಗಂಟಿನಲ್ಲಿ ಕಂದಾಯದ ವರದಿಯ ಜೊತೆ ಕೆಮ್ಮಿನ ಕಷಾಯದ ವಿವರವಿದ್ದರೆ ಎರಡೂ ಜೊತೆಯಲ್ಲೇ ಇರತಕ್ಕದ್ದು. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಒಂದು ಭಾನುವಾರ ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಹೆಂಡತಿ ಸರಳಾ ಮನೆಯ ಕಾಗದಪತ್ರ ತುಂಬಿಟ್ಟಿದ್ದ ಟ್ರಂಕಿಗೇ ಕೈಹಾಕಿದೆ. "ರೀ, ಅದ್ರಲ್ಲಿ ಏನೆಲ್ಲಿದೆ ಅಂತ ನಂಗೆ ಗೊತ್ತು, ಬಿಡ್ರೀ" ಎಂದಳು. ಬಿಡಲಿಲ್ಲ. ಏಳು ರಟ್ಟಿನ ಪೆಟ್ಟಿಗೆ ತಂದು, ನುಸಿಗುಳಿಗೆ ಹಾಕಿ, ಅಮ್ಮ, ಮಾವ, ಮನೆ ಮಾಲೀಕರು, ಭಾವಮೈದುನ ನಾಗರಾಜ, ನಾನು ಎಂದೆಲ್ಲ ಹೆಸರಂಟಿಸಿದೆ. ವಿಂಗಡಿಸುವವನು ಓದುತ್ತ ಕೂರಬಾರದು ಎಂಬುದೂ ನಮ್ಮ ನಿಯಮವೇ ಆದ್ದರಿಂದ, ಪ್ರತಿ ಕಾಗದಕ್ಕೂ ಅದು ಮನೆಗೆ ಬಂದಾಗಲೇ ಯಾರು ತಂದದ್ದೆಂದು ಬರೆದು ನಾನು ಕಟ್ಟಿದ್ದ ಚೀಟಿಯಲ್ಲಿ ಹೆಸರಷ್ಟನ್ನೇ ನೋಡಿ ಹಾಕುತ್ತ ಹೋದೆ.

ಮುಂದಿನ ವಾರ ಮಗಳು ಪುಟ್ಟಿಯನ್ನು ಚಂದ್ರಾ ಲೇಔಟಿನ ಶಾಲೆಗೆ ಸೇರಿಸಲು ಹೋದೆ. ಗುಮಾಸ್ತರು, "ಬರ್ತ್ ಸರ್ಟಿಫಿಕೇಟ್ ಎಲ್ಲಿ ಸಾರ್? ಇವತ್ತೇ ಲಾಸ್ಟು. ಮಧ್ಯಾಹ್ನ ಒಂದು ಗಂಟೆಯೊಳಗೆ ತನ್ನಿ, ಇಲ್ಲಾಂದ್ರೆ ಸೀಟು ಬೇರೆಯವರಿಗೆ" ಎಂದರು. ಆಗ ಹನ್ನೊಂದು.

ನನಗೆ ಗಾಬರಿಯೇನೂ ಆಗಲಿಲ್ಲ. ಆ ಸರ್ಟಿಫಿಕೇಟು ತಂದವನು ನಾನೇ ಅಲ್ಲವೇ? ಕಾರ್ಪೊರೇಷನ್ ಕಚೇರಿಯ ಮುಂದೆ ಮಳೆಯಲ್ಲಿ ಕ್ಯೂ ನಿಂತದ್ದು, ಚಪ್ಪಲಿಯ ಉಂಗುಷ್ಟ ಕಿತ್ತುಹೋದದ್ದು, ಕಾಗದವನ್ನು ಬನಿಯನ್ನಿನೊಳಗೆ ಸೇರಿಸಿಕೊಂಡು ಓಡಿದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ತಂದೆಯ ಪ್ರೀತಿ ಎಂದರೆ ಏನೆಂದು ವಿವರಿಸಲು ನಾಲ್ಕಾರು ಮನೆಗಳಲ್ಲಿ ಹೇಳಿಯೂ ಇದ್ದೇನೆ. ಮನೆಗೆ ಬಂದು 'ನಾನು' ಪೆಟ್ಟಿಗೆ ತೆರೆದೆ. ಇಲ್ಲ.

"ತಂದಿದ್ದು ನೀವಲ್ಲ, ನಾಗರಾಜ" ಎಂದಳು ಸರಳಾ. "ನೀವು ಆವತ್ತು ಧಾರವಾಡದಲ್ಲಿ ಸೆಮಿನಾರು ಅಂತ ಪೇಡ ತಿಂತಿದ್ರಿ."

"ದಾಖಲೆ ಇದೆಯೇನೇ?"

"ಇದ್ರೆ ಅವನ ಪೆಟ್ಟಿಗೇಲೇ ಇರತ್ತೆ. ತೆಗೀರಿ."

ಭಾವಮೈದುನನ ಪೆಟ್ಟಿಗೆ ತೆರೆಯುವುದೆಂದರೆ ಸೋಲೊಪ್ಪಿದಂತೆ. ಉಳಿದ ಐದನ್ನೂ ಒಂದೊಂದಾಗಿ ಜಾಲಾಡಿದೆ. ಗಂಟೆ ಹನ್ನೆರಡು ಇಪ್ಪತ್ತಾಯಿತು. ಹೊಸ ಫ್ರಾಕು ಹಾಕಿ ಹೊಸ್ತಿಲ ಮೇಲೆ ಕೂತಿದ್ದ ಪುಟ್ಟಿ, ರಿಬ್ಬನ್ನಿನ ತುದಿ ಕಚ್ಚುತ್ತ, "ಅಪ್ಪ, ಸ್ಕೂಲು ಮುಚ್ಬಿಡತ್ತಾ?" ಎಂದಳು.

ತೆರೆದೆ. ಅವನ ಮದುವೆಯ ಲಗ್ನಪತ್ರಿಕೆಯ ಕೆಳಗೇ ಇತ್ತು. ಗುಂಡುಸೂಜಿ ತುಕ್ಕು ಹಿಡಿಯುತ್ತದೆಂದು ದಾರದಲ್ಲಿ ಕಟ್ಟಿದ್ದ ಚೀಟಿಯಲ್ಲಿ, ನನ್ನದೇ ದುಂಡು ಅಕ್ಷರಗಳಲ್ಲಿ: 'ನಾಗರಾಜ ಮಳೆಯಲ್ಲಿ ಕ್ಯೂ ನಿಂತು ತಂದದ್ದು. ಪಾಪ, ಚಪ್ಪಲಿ ಕಿತ್ತುಹೋಯಿತಂತೆ.'

ಹಿಂದಿನಿಂದ ಇಣುಕಿ ಸರಳಾ ಅದನ್ನು ಓದಿಯಾಗಿತ್ತು. ಚೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡು, ಮಗಳನ್ನೆತ್ತಿಕೊಂಡು ಆಟೋ ಹಿಡಿದೆ. ಒಂದಕ್ಕೆ ಹತ್ತು ನಿಮಿಷವಿರುವಾಗ ಗುಮಾಸ್ತರು ಸರ್ಟಿಫಿಕೇಟನ್ನು ಅರೆಕ್ಷಣ ನೋಡಿ, "ಸರಿ" ಎಂದರು. ಸೀಟು ಸಿಕ್ಕಿತು.

ಸಂಜೆ ಗೋವಿಂದರಾಜನಗರದಿಂದ ನಾಗರಾಜ ಬಂದ. ಅಕ್ಕ ಎಲ್ಲ ಹೇಳಿದಳು. ಅವನು ನಗುತ್ತ, "ಹೋಗ್ಲಿ ಬಿಡಿ ಭಾವ. ನೀವು ಹೇಳೋದು ಎಷ್ಟು ಚೆನ್ನಾಗಿರತ್ತೆ ಅಂದ್ರೆ, ನಾನು ಹೋಗಿದ್ನಾ ಅಂತ ನನಗೇ ಡೌಟು ಬಂದಿತ್ತು" ಎಂದ.

"ಡೌಟ್ಯಾಕೋ? ಇವರ ಕೈಬರಹವೇ ಇದೆ" ಎಂದು ಸರಳಾ ನನ್ನತ್ತ ಕೈ ಚಾಚಿದಳು. "ರೀ, ಆ ಚೀಟಿ ಕೊಡಿ, ತೋರಿಸ್ತೀನಿ."

ನನ್ನ ಏಳು ಪೆಟ್ಟಿಗೆಗಳ ಸಂಗ್ರಹಕ್ಕೆ ದಾಖಲೆ ಕೇಳಿಕೊಂಡು ಓದುಗರು ಬಂದದ್ದು ಅದೇ ಮೊದಲು. ದಾಖಲೆಯನ್ನು ಹರಿಯುವುದು ನಮ್ಮ ಕಸುಬಿನಲ್ಲಿ ಮಹಾಪಾಪ, ನಾನು ಹರಿದಿರಲಿಲ್ಲ. ಷರಟಿನ ಜೇಬಿನ ಮೇಲೆ ಅಂಗೈ ಇಟ್ಟುಕೊಂಡು, "ಎಲ್ಲಿಟ್ಟೆನೋ, ಜ್ಞಾಪಕವೇ ಬರ್ತಿಲ್ಲ ಕಣೇ" ಎಂದೆ.