ತಾತ ಆಡಂಗಿಲ್ಲ

"ತಾತಾ, ಕಾಲ್ ಹಿಡಿಯೋ! ಬುಡಬ್ಯಾಡ, ಹಿಡಿಯೋ ತಾತಾ!"

ಹಾಸನದ ಮೈದಾನದಲ್ಲಿ ಹಿಂದಿನ ಸಂಜೆ ಹೊಳೆನರಸೀಪುರದ ಕಾಲೇಜು ಹುಡುಗರು ಹೀಗೆ ಗಂಟಲು ಹರಿದುಕೊಂಡಿದ್ದೇ ತಪ್ಪಾಯಿತು. ಅಂತರಕಾಲೇಜು ಕಬಡ್ಡಿಯ ಸೆಮಿಫೈನಲ್ ಅದು. ತಾತ ಕಾಲು ಹಿಡಿದ, ರೈಡರ್ ಮಣ್ಣು ಮುಕ್ಕಿದ, ಚನ್ನರಾಯಪಟ್ಟಣದ ಕಡೆಯ ತಂಡ ಸೋತಿತು. ಸೋತವರು ಸುಮ್ಮನೆ ಬಸ್ಸು ಹತ್ತಿ ಮನೆಗೆ ಹೋಗಬೇಕಪ್ಪ. ಆ ತಂಡದ ಕೋಚ್ ಪೃಥ್ವಿರಾಜ್ ಬಸ್ಸು ಬಿಟ್ಟು ನೆಟ್ಟಗೆ ವಿಶ್ವವಿದ್ಯಾನಿಲಯದ ಕ್ರೀಡಾ ಶಿಸ್ತು ಸಮಿತಿಗೆ ಹೋದ. ಆಟಗಾರನಿಗೆ ಇಪ್ಪತ್ತೈದು ದಾಟಿರಬಾರದು ಎಂಬ ನಿಯಮವಿದೆ, ಇವರು ನೋಡಿದರೆ ಯಾರೋ ತಾತನನ್ನು ಆಡಿಸಿದ್ದಾರೆ ಎಂದು ದೂರು ಕೊಟ್ಟ.

ಈ ದೂರನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗಬೇಕಿತ್ತು. ಸಮಿತಿಯವರು ತಾತನಿಗೆ ಮರುದಿನ ಬೆಳಗ್ಗೆ ಮೈದಾನದ ಪಕ್ಕದ ಕೋಣೆಗೆ ವಿಚಾರಣೆಗೆ ಬಾ ಎಂದರು.

ತಾತನಿಗೆ ಇಪ್ಪತ್ತು ವರ್ಷ. ಊರು ಅರಕಲಗೂಡಿನ ಹತ್ತಿರದ ಹಳ್ಳಿ. ಹೆಸರು ಚಲುವಯ್ಯ. ಅದು ಅವನ ಅಪ್ಪನ ಅಪ್ಪನ ಹೆಸರು. ಮುದುಕರು ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಗನಾದ್ದರಿಂದ ಅವರೇ ತಿರುಗಿ ಬಂದರು ಎಂದು ಅದೇ ಹೆಸರಿಟ್ಟರು. ಇಟ್ಟವರು ಇಟ್ಟರು, ಕರೆಯಬೇಕಾದವಳು ಅವ್ವ ಸಣ್ಣಕ್ಕ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಎತ್ತುವುದುಂಟೆ? ತೊಟ್ಟಿಲಲ್ಲಿ ಉಚ್ಚೆ ಹೊಯ್ದುಕೊಂಡು ಅಳುತ್ತಿದ್ದ ಮಗುವನ್ನು "ಯಾಕಳ್ತೀರ ತಾತ, ಸುಮ್ಕಿರಿ ತಾತ" ಎಂದು ಅವಳು ಸಮಾಧಾನ ಮಾಡಿದಳು. ಅವಳು ಕರೆದಂತೆ ಬೀದಿಯೆಲ್ಲ ಕರೆಯಿತು. ಶಾಲೆಗೂ ಅದೇ ಹೆಸರು ಹಿಂದೆಯೇ ಬಂತು, ಕಾಲೇಜಿಗೂ ಬಂತು.

ಬಿ.ಎ. ಕೊನೆಯ ವರ್ಷ ಅವನದು. ವಿಚಾರಣೆಯ ದಿನ ಮಧ್ಯಾಹ್ನವೇ ಫೈನಲ್. ಯೂನಿವರ್ಸಿಟಿ ತಂಡಕ್ಕೆ ಆಟಗಾರರನ್ನು ಆರಿಸುವವರು ಮೈದಾನದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುವವರಿದ್ದರು. ಆ ತಂಡಕ್ಕೆ ಸೇರಿಬಿಟ್ಟರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ದಾರಿಯಾಗುತ್ತದೆ ಎಂದು ಅವನು ಮೂರು ವರ್ಷದಿಂದ ಮೊಣಕಾಲು ತರಚಿಕೊಂಡಿದ್ದ. ಈ ಸಲ ತಪ್ಪಿದರೆ ಮುಂದಿನ ಸಲ ಎಂಬುದೇ ಇರಲಿಲ್ಲ.

ಸಮಿತಿಯ ಅಧ್ಯಕ್ಷರು ಡಾಕ್ಟರ್ ಕೇದಾರ್. ಅರ್ಥಶಾಸ್ತ್ರದ ಪ್ರೊಫೆಸರು. ಕಬಡ್ಡಿಯನ್ನು ಅವರು ಟೀವಿಯಲ್ಲಿ, ಅದೂ ಚಾನೆಲ್ ಬದಲಾಯಿಸುವಾಗ ಮಾತ್ರ ನೋಡಿದ್ದರು. ನಿಯಮದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ಪಕ್ಕದಲ್ಲಿ ಟೈಪ್ ಮಾಡುವ ರಂಜಿನಿಯನ್ನು ಕೂರಿಸಿಕೊಂಡಿದ್ದರು. ಇಬ್ಬರು ಸದಸ್ಯರು ಬಿಸ್ಕತ್ತು ತಿನ್ನುತ್ತಿದ್ದರು.

ಚಲುವಯ್ಯ ಆಧಾರ್ ಕಾರ್ಡು ಕೊಟ್ಟ.

"ಇದು ಚಲುವಯ್ಯನ ಕಾರ್ಡು. ಚಲುವಯ್ಯನಿಗೆ ಇಪ್ಪತ್ತು. ಸರಿಯಾಗಿದೆ," ಎಂದರು ಕೇದಾರ್. "ಆದರೆ ದೂರು ಬಂದಿರೋದು ತಾತನ ಮೇಲೆ."

"ತಾತ ಅಂದ್ರೆ ನಾನೇ ಸಾ."

"ಹಾಗಾದ್ರೆ ಚಲುವಯ್ಯ ಯಾರು?"

"ಅದೂ ನಾನೇ ಸಾ."

"ಯಾವುದಾದರೂ ಒಂದು ಹೇಳಪ್ಪ. ಇದು ಸಮಿತಿ."

"ಫೋಟೋ ನೋಡಿ ಸರ್!" ಪೃಥ್ವಿರಾಜ್ ಕುರ್ಚಿಯಿಂದ ಎದ್ದೇಬಿಟ್ಟ. "ಇವನ ಥರಾ ಇದೆಯಾ?"

ಇರಲಿಲ್ಲ, ನಿಜ. ಆ ಫೋಟೋ ತೆಗೆದಾಗ ಹುಡುಗ ಏಳನೇ ಕ್ಲಾಸು. ಈಗ ಎದೆ ಮುಟ್ಟುವ ಗಡ್ಡ ಬಿಟ್ಟಿದ್ದ, ಕಬಡ್ಡಿಯಲ್ಲಿ ಯಾರದೋ ಮಂಡಿ ತಾಗಿ ಮೂಗು ಎಡಕ್ಕೆ ತಿರುಗಿತ್ತು. ಆದರೆ ಸ್ವಾಮಿ, ಈ ದೇಶದಲ್ಲಿ ಆಧಾರ್ ಫೋಟೋದ ಥರ ಯಾರಿದ್ದಾರೆ? ಕೇದಾರ್ ಅವರ ಕಾರ್ಡು ತೆಗೆಸಿ ನೋಡಿದ್ದರೆ ಅದರಲ್ಲಿ ಇನ್ಯಾರ ಮುಖ ಇರುತ್ತಿತ್ತೋ! ಅದನ್ನು ಕೇಳುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ.

ಹಿಂದೆ ನಿಂತಿದ್ದವರು ಕಾಲೇಜಿನ ಪಿಟಿ ಮೇಷ್ಟ್ರು ತಮ್ಮಯ್ಯ. ಒಳ್ಳೆಯ ಮನುಷ್ಯ, ಆದರೆ ಮೇಲಿನವರ ಮುಂದೆ ನಿಂತರೆ ನಡುಕ. ಹೊರಗೆ ಮೈದಾನದಲ್ಲಿ ಮೈಕು ಕಟ್ಟುವುದು ಕೇಳಿ ಅವರ ಜೀವ ಬಾಯಿಗೆ ಬಂತು. ಹುಡುಗನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು.

"ವಾದ ಮಾಡಬ್ಯಾಡ ಕಣ್ಲಾ. ಕಾಲ್ ಹಿಡಿ!"

ಕ್ಷಮೆ ಕೇಳಿಕೋ ಎಂಬುದು ಮೇಷ್ಟ್ರ ಅರ್ಥ. ಆದರೆ ಅದೇ ಬಾಯಿಂದ ಅದೇ ಮಾತನ್ನು ಮೂರು ವರ್ಷ ಕೇಳಿದ ಮೈ ಅರ್ಥ ಹುಡುಕುತ್ತ ನಿಲ್ಲುತ್ತದೆಯೇ? ಚಲುವಯ್ಯ ಟೇಬಲ್ಲಿನ ಕೆಳಗೆ ನುಗ್ಗಿ ಪ್ರೊಫೆಸರರ ಬಲಗಾಲಿನ ಹರಡನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಕುರ್ಚಿಗೆ ಚಕ್ರ ಇತ್ತು. ಕುರ್ಚಿ ಗೋಡೆಯ ಕಡೆ ಹೋಯಿತು, ಕೇದಾರ್ ನೆಲದ ಕಡೆ ಬಂದರು.

"ಬಿಡೋ! ಬಿಡೋ ಕಾಲು!"

ಸೀಟಿ ಊದುವವರೆಗೂ ಹಿಡಿದ ಕಾಲು ಬಿಡಬಾರದು ಎಂದು ಕಲಿಸಿದವರು ತಮ್ಮಯ್ಯನವರೇ. ಅವರು ತಡಬಡಿಸಿ ಕೊರಳಲ್ಲಿದ್ದ ಸೀಟಿ ಹುಡುಕಿ ಊದಿದ ಮೇಲೆಯೇ ಹುಡುಗ ಬಿಟ್ಟದ್ದು. ಬಿಟ್ಟ ಕೂಡಲೇ ಅಭ್ಯಾಸಬಲದಿಂದ ಎದ್ದು ತೊಡೆ ತಟ್ಟಿದ. ಅದೊಂದು ಬೇಕಿರಲಿಲ್ಲ.

ಕೇದಾರ್ ಪ್ಯಾಂಟಿನ ಧೂಳು ಕೊಡವಿಕೊಂಡು ಮೇಲೆದ್ದರು. "ರಂಜಿನಿ, ಇದನ್ನೂ ಹಾಕಮ್ಮ. ಇವನನ್ನ ಹೆತ್ತವರನ್ನ ಕರೆಸಿ. ಅವರು ಗುರುತು ಹಿಡಿಯೋವರೆಗೆ ಇವನು ಅಂಕಣಕ್ಕೆ ಇಳಿಯೋ ಹಾಗಿಲ್ಲ."

ಯೂನಿವರ್ಸಿಟಿಯವರು ತಾತನನ್ನು ಹಿಡಿದು ಕೂರಿಸಿದ್ದಾರೆ ಎಂಬ ಸುದ್ದಿ ಫೋನಿನಲ್ಲಿ ಊರು ಮುಟ್ಟಿದಾಗ ಸಣ್ಣಕ್ಕ ಕೂಲಿಗೆ ಹೋಗಿ ಶುಂಠಿ ಕೀಳುತ್ತಿದ್ದಳು. ಗಂಡ ದೂರದ ಊರಿಗೆ ಕೂಲಿಗೆ ಹೋಗಿದ್ದರಿಂದ, ಉಗುರಿನ ಮಣ್ಣು ಕೂಡ ತೊಳೆಯದೆ ತಾನೇ ಅರಕಲಗೂಡಿಗೆ ಬಂದು ಬಸ್ಸು ಹತ್ತಿದಳು. ಪಕ್ಕದ ಮನೆಯ ನಾಗಲಕ್ಷ್ಮಿ, ಕರೆಯದಿದ್ದರೂ, ಹೊಸ ಸೀರೆ ಉಟ್ಟುಕೊಂಡು ಜೊತೆಗೆ ಹೊರಟಳು. ಇಬ್ಬರೂ ಬಂದು ಬಾಗಿಲಲ್ಲಿ ನಿಂತಾಗ ಫೈನಲ್‌ಗೆ ಇನ್ನು ಸ್ವಲ್ಪವೇ ಹೊತ್ತು ಉಳಿದಿತ್ತು.

"ಇವನು ನಿಮಗೆ ಏನಾಗಬೇಕಮ್ಮ?" ಕೇದಾರ್ ಕೇಳಿದರು.

"ನನ್ ಮಗ ಕಣ್ ಸಾ. ನಮ್ ತಾತ."

"ಮಗನೋ, ತಾತನೋ?"

"ಮಗ್ನೇ ಸಾ. ತಾತ."

"ಎರಡೂ ಹಾಕಲಾ ಸರ್?" ಎಂದಳು ರಂಜಿನಿ.

ಕೇದಾರ್ ಹಣೆ ಒತ್ತಿಕೊಂಡರು. "ಮಗನ ಹೆಸರು ಹೇಳಿಯಮ್ಮ."

ಸಣ್ಣಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಅದ್ನ ನಾ ಏಳಂಗಿಲ್ಲ ಸಾ. ನಮ್ ಮಾವಾರ ಎಸ್ರು ಅದು."

"ನಾನು ಕೇಳಿದ್ದು ಮಾವನ ಹೆಸರಲ್ಲ, ಮಗನ ಹೆಸರು."

"ಅದೇ ಸಾ. ಮಗೀನ್ ಎಸ್ರು ಮಾವಾರ್ದು."

"ನೋಡಿದ್ರಾ ಸರ್?" ಪೃಥ್ವಿರಾಜ್ ಕುಣಿದಾಡಿದ. "ಹೆತ್ತ ತಾಯಿಗೇ ಹೆಸರು ಗೊತ್ತಿಲ್ಲ!"

ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದ ನಾಗಲಕ್ಷ್ಮಿಗೆ ಇನ್ನು ತಡೆಯಲಾಗಲಿಲ್ಲ. "ನಾ ಏಳ್ತೀನಿ ಬುಡಿ ಸಾ, ನಂಗೇನ್ ಅವ್ರು ಮಾವಾನಾ? ಚಲುವಯ್ಯ! ಚಲುವಯ್ಯ ಅಂದ್ರೆ ಊರ್ಗೇ ದೊಡ್ ಮನ್ಸ. ಪಾಪ, ತೀರ್ಕೊಂಡು ಎಷ್ಟ್ ವರ್ಸ ಆಗೋಯ್ತು. ಅವ್ರ್ ತಿಥಿಗೆ ವಡೆ ಬೇಯ್ಸಿದ್ದೇ ನಾನು."

ಬಿಸ್ಕತ್ತು ತಿನ್ನುತ್ತಿದ್ದ ಇಬ್ಬರೂ ನಿಲ್ಲಿಸಿದರು.

"ಚಲುವಯ್ಯ ತೀರಿಹೋಗಿದ್ದಾರಾ?" ಎಂದರು ಕೇದಾರ್.

"ಊಂ ಸಾ. ಕೂತಂಗೇ ಓದ್ರು. ಪುಣ್ಯವಂತ್ರು."

"ವಯಸ್ಸು ಮೀರಿದ್ದೊಂದೇ ಅಂದುಕೊಂಡಿದ್ದೆ," ಕೇದಾರ್ ಆಧಾರ್ ಕಾರ್ಡನ್ನು ತುದಿಬೆರಳಲ್ಲಿ ಎತ್ತಿ ಹಿಡಿದರು. "ಇಲ್ಲಿ ಸತ್ತವರ ಹೆಸರಲ್ಲಿ ಕಬಡ್ಡಿ ಆಡಿದ್ದೀರಿ. ಇದನ್ನ ಪೊಲೀಸಿಗೇ ಕೊಡಬೇಕಾಗುತ್ತೆ."

ನೋಡಿ ಅನ್ಯಾಯ! ಪೊಲೀಸಾಗಲು ಹೊರಟ ಹುಡುಗನನ್ನು ಪೊಲೀಸಿಗೆ ಕೊಡುತ್ತಾರಂತೆ. ಓದಿದವರು ಇವರು. ಇವರ ಮನೆಯಲ್ಲೂ ಅಜ್ಜಂದಿರ ಹೆಸರು ಇಟ್ಟುಕೊಂಡವರು ಇರುತ್ತಾರೆ, ಇವರ ತಾಯಂದಿರೂ ಗಂಡನ ಹೆಸರು ಹೇಳಲು ನಾಚಿ ಪಕ್ಕದವರ ಕೈಯಲ್ಲಿ ಹೇಳಿಸಿರುತ್ತಾರೆ. ಕುರ್ಚಿಯ ಮೇಲೆ ಕೂತ ತಕ್ಷಣ ಅದೆಲ್ಲ ಎಲ್ಲಿಗೆ ಹೋಗುತ್ತದೋ ಕಾಣೆ.

ಚಲುವಯ್ಯನ ಕಣ್ಣು ಕೆಂಪಾಯಿತು. "ಅವ್ವಾ, ಒಂದೇ ಒಂದ್ಸಲ ಏಳವ್ವ. ನಿನ್ ದಮ್ಮಯ್ಯ. ನನ್ ಜೀವನ ಓಯ್ತದೆ ಕಣವ್ವ!"

ಸಣ್ಣಕ್ಕ ಮಗನನ್ನು ನೋಡಿದಳು, ಕುರ್ಚಿಗಳನ್ನು ನೋಡಿದಳು. ಮಗನನ್ನು ಶಾಲೆಗೆ ಸೇರಿಸಿದಾಗ ಆ ಹೆಸರನ್ನು ಗಂಡನ ಬಾಯಲ್ಲಿ ಹೇಳಿಸಿದ್ದಳು. ಮಾವ ಹೊಡೆದವರಲ್ಲ, ಬೈದವರಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮೊದಲು ಅವಳು ಉಂಡಳೇ ಎಂದು ಕೇಳಿ ಆಮೇಲೆ ಉಣ್ಣುತ್ತಿದ್ದವರು. ಅವರ ಹೆಸರನ್ನು ಇಲ್ಲಿ, ಇವರ ಮುಂದೆ ಹೇಳಬೇಕು. ಚಪ್ಪಲಿ ಬಿಟ್ಟಳು. ಮಣ್ಣಿನ ಕೈಗಳನ್ನು ಜೋಡಿಸಿ ಮೇಲಕ್ಕೆತ್ತಿ, "ತಪ್ಪಾಯ್ತು ಮಾವಾರೆ, ಒಟ್ಟೇಲಿ ಆಕ್ಕೊಳಿ" ಎಂದಳು. ಆಮೇಲೆ ಕೇದಾರ್ ಕಡೆ ತಿರುಗಿ ಕಿಟಕಿಯ ಗಾಜು ನಡುಗುವಂತೆ ಕಿರುಚಿದಳು.

"ಚಲುವಯ್ಯ! ಕೇಳುಸ್ತಾ ಸಾ? ಚಲುವಯ್ಯ! ನಾ ಎತ್ತಿರೋ ಮಗ ಚಲುವಯ್ಯ! ಇನ್ನೂ ಏನ್ ಏಳುಸ್ತೀರಿ ನನ್ ಬಾಯಲ್ಲಿ?"

ಕಿರುಚಿ, ನೆಲದ ಮೇಲೆ ಕೂತು ಅತ್ತುಬಿಟ್ಟಳು.

ಕೇದಾರ್ ನಿಯಮದ ಪುಸ್ತಕ ಮುಚ್ಚಿದರು. ಅವರ ಕಣ್ಣೂ ಒದ್ದೆಯಾಗಿತ್ತು ಎಂದು ಆಮೇಲೆ ರಂಜಿನಿ ಹೇಳಿದಳು. "ಸಮಿತಿಗೆ ಮನವರಿಕೆಯಾಯಿತು. ಇವನು ಚಲುವಯ್ಯನೇ. ವಯಸ್ಸು ಇಪ್ಪತ್ತು. ಆಡೋದಕ್ಕೆ ಅರ್ಹ. ಕಾಲು ಹಿಡಿದದ್ದನ್ನ ನಾನು ಮರೀತೀನಿ."

ತಮ್ಮಯ್ಯ ಮೇಷ್ಟ್ರು ಖುಷಿಗೆ ಇನ್ನೊಂದು ಸಲ ಸೀಟಿ ಊದಿದರು. ಹೊರಗೆ ಮೈಕಿನಲ್ಲಿ ತಂಡಗಳನ್ನು ಕರೆಯುತ್ತಿದ್ದರು. ಚಲುವಯ್ಯ ಅವ್ವನನ್ನು ಎಬ್ಬಿಸಿ, ಕಣ್ಣೊರೆಸಿ, ಅಂಗಿ ಬಿಚ್ಚಿ ಒಳಗಿದ್ದ ಜೆರ್ಸಿಯಲ್ಲಿ ಬಾಗಿಲಿಗೆ ಓಡಿದ.

"ಒಂದು ನಿಮಿಷ," ಎಂದರು ಕೇದಾರ್. ಅವರ ಮುಂದೆ ಪೃಥ್ವಿರಾಜ್ ಫೋನು ಹಿಡಿದಿದ್ದ. ಹಿಂದಿನ ದಿನದ ಆಟದ ವಿಡಿಯೋ. ಅದರೊಳಗಿಂದ ಇಡೀ ತಂಡ ಕೂಗುತ್ತಿತ್ತು: ತಾತಾ, ಕಾಲ್ ಹಿಡಿಯೋ!

"ಚಲುವಯ್ಯ ಅರ್ಹ. ಅದರಲ್ಲಿ ಅನುಮಾನ ಇಲ್ಲ," ಕೇದಾರ್ ನಿಯಮದ ಪುಸ್ತಕ ತಿರುವಿದರು. "ಆದರೆ ನಿನ್ನೆ ಕಾಲು ಹಿಡಿದದ್ದು ತಾತ. ಇಲ್ಲಿ ಕೇಳಿಸ್ತಾ ಇದೆ. ನಿಮ್ಮ ತಂಡದಲ್ಲಿ ತಾತ ಅನ್ನೋ ಹೆಸರಿನವರು ನೋಂದಣಿ ಆಗಿಲ್ಲ."

"ಅಯ್ಯೋ, ಆ ತಾತ ನಾನೇ ಅಲ್ವಾ ಸಾ!"

"ನೀನು ಚಲುವಯ್ಯ. ಈಗ ತಾನೇ ನಿಮ್ಮ ತಾಯಿ ಅಳುತ್ತಾ ಹೇಳಿದರಲ್ಲಪ್ಪ. ಹೆತ್ತ ತಾಯಿಯ ಮಾತನ್ನ ನಾನು ಅನುಮಾನಿಸಲಾರೆ."

ತಮ್ಮಯ್ಯನವರ ಬಾಯಿಂದ ಸೀಟಿ ಜಾರಿ ಕೊರಳಲ್ಲಿ ತೂಗಾಡಿತು.

"ನೋಂದಣಿ ಆಗದವರನ್ನ ಆಡಿಸಿದ ತಂಡ ಪಂದ್ಯಾವಳಿಯಿಂದ ಹೊರಗೆ. ಫೈನಲ್ ಪೃಥ್ವಿರಾಜ್ ಅವರ ಹುಡುಗರು ಆಡಲಿ. ಆಡಿಸಿದ ಕ್ಯಾಪ್ಟನ್‌ಗೆ ಒಂದು ವರ್ಷ ನಿಷೇಧ. ರಂಜಿನಿ, ಕ್ಯಾಪ್ಟನ್ ಯಾರಮ್ಮ?"

"ಚಲುವಯ್ಯ ಸರ್."

ಹೀಗೆ, ತನ್ನನ್ನು ತಾನೇ ಆಡಿಸಿಕೊಂಡ ತಪ್ಪಿಗೆ ಚಲುವಯ್ಯನ ಕಬಡ್ಡಿ ಮುಗಿಯಿತು. ಸಣ್ಣಕ್ಕ ಬೆಪ್ಪಾಗಿ ನೋಡುತ್ತಿದ್ದಳು. "ಮಾವಾರ್ ಎಸ್ರೇಳಿ ನಾನೇ ಕೆಡುಸ್ಬುಟ್ನಾ ನಾಗಿ?" ಎಂದು ಕೇಳಿದಳು.

ಚಲುವಯ್ಯನಿಗೆ ಆ ಟೇಬಲ್ಲನ್ನು ಎತ್ತಿ ಕಿಟಕಿಯಿಂದಾಚೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಎಸೆಯಲಿಲ್ಲ, ಅವ್ವ ಎದುರಿಗಿದ್ದಳು. ಹಲ್ಲು ಕಡಿದುಕೊಂಡು ಟೇಬಲ್ಲಿನ ಮುಂದೆ ಬಂದು ನಿಂತ.

"ಸರಿ ಸಾ. ನಿಷೇಧ ಆಗಿರೋದು ಚಲುವಯ್ಯಂಗೆ ತಾನೆ? ಅಂಗಾದ್ರೆ ಈ ವರ್ಸದಲ್ಲೇ ಇನ್ನೊಂದ್ ಟೂರ್ನಮೆಂಟ್ ಇದ್ರೆ, ನೋಂದಣಿ ಮಾಡ್ಸಿ ತಾತ ಆಡಬೌದಾ?"

ಅಣಕಿಸಲು ಕೇಳಿದ್ದ. ಕೇದಾರ್ ಅದನ್ನೂ ಗಂಭೀರವಾಗಿ ತೆಗೆದುಕೊಂಡರು. ಕನ್ನಡಕ ಏರಿಸಿ, ಪುಸ್ತಕದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿ, ತಲೆಯೆತ್ತಿದರು.

"ಧಾರಾಳವಾಗಿ ಆಡಬಹುದು. ತಾತನ ಮೇಲೆ ನಿಷೇಧ ಏನೂ ಇಲ್ಲ," ಎಂದರು. "ಅವರ ವಯಸ್ಸಿಗೆ ಒಂದು ದಾಖಲೆ ಮಾತ್ರ ತನ್ನಿ."