ಟವೆಲ್ ಕಟ್ಟಿಕೊಂಡು ಗಂಡು ನೋಡಿದ ಮಾವ

ನಮ್ಮ ಸೋದರಮಾವನ ತಲೆ ಕೆಟ್ಟಿದೆ ಎನ್ನುವುದರಲ್ಲಿ ಹೊಳೆನರಸೀಪುರಕ್ಕೆ ಒಮ್ಮತವಿದೆ. ಯಾವಾಗ ಕೆಟ್ಟಿತು ಎನ್ನುವುದರಲ್ಲಿಲ್ಲ. ಮುಂದಿನದರಲ್ಲಿ ನಾನು ಕಣ್ಣಾರೆ ಕಂಡಿದ್ದೆಷ್ಟು, ಅಮ್ಮ ಹೇಳಿ ಹೇಳಿ ಕಂಡಂತಾಗಿದ್ದೆಷ್ಟು? ಎಂಎಸ್ಸಿ ಮಾಡಿದ ನನ್ನ ತಲೆಗೂ ಖಾತ್ರಿಯಿಲ್ಲ.

ಸೈಬರ್ ಕೆಫೆಗಳ ಕಾಲ. ಹಾಸನದ ಮದುವೆ ಬ್ರೋಕರೊಬ್ಬರು ವಧೂವರರ ವೆಬ್‌ಸೈಟ್ ಮಾಡಿಕೊಡಿ ಎಂದು ಕಂಪ್ಯೂಟರ್ ಬಲ್ಲ ಮಾವನನ್ನು ಕೇಳಿದರು. ನಲವತ್ತು ದಾಟಿದ ಬ್ರಹ್ಮಚಾರಿಗೆ ಈ ಕೆಲಸ ಕೊಟ್ಟವರ ಧೈರ್ಯ ಮೆಚ್ಚಬೇಕು. ಬ್ರೋಕರಿಗೆ ಎಲ್ಲವೂ ಕುಣಿಯಬೇಕು: ಮೇಲಿಂದ ಮಲ್ಲಿಗೆ ಉದುರಬೇಕು, ಫೋಟೋಗಳು ತಾವಾಗಿಯೇ ಬದಲಾಗಬೇಕು. ಮಾವ ಅದನ್ನೆಲ್ಲ ಮಾಡಿದ. ಆಮೇಲೆ ಮೌಸನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟು, ಕಣ್ಣಿಗೆ ಟವೆಲ್ ಕಟ್ಟಿಕೊಂಡು ಪರೀಕ್ಷೆಗೆ ಕೂತ.

ಕಾರಣ, ಚನ್ನರಾಯಪಟ್ಟಣದ ಒಬ್ಬ ಇಂಗ್ಲಿಷ್ ಟೀಚರ್. ಅವರಿಗೆ ಕಣ್ಣು ಕಾಣದು; ಮೌಸ್ ಬಿಟ್ಟು ಕೀಲಿಮಣೆಯಲ್ಲೇ ಎಲ್ಲ. "ಮನೇಲಿ ಅವ್ರಿಗಿಷ್ಟ ಆದ ಗಂಡುಗಳನ್ನ ಮಾತ್ರ ಓದಿ ಹೇಳ್ತಾರೆ. ನಾನೇ ನೋಡಿ ಆರಿಸ್ಕೋಬೇಕು" ಎಂದು ಫೋನ್ ಮಾಡಿದ್ದರು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಅವರಲ್ಲಿತ್ತು. ಆದರೆ ಫೋಟೋ ಬದಲಾದಾಗಲೆಲ್ಲ ಅದು ಮತ್ತೆ "ವೆಲ್‌ಕಮ್" ಎಂದು ಮೊದಲಿಂದ ಶುರುಮಾಡುತ್ತಿತ್ತು.

"ಗಂಡು ನೋಡಕ್ಕೆ ಹೋದೋರ್ನ ಬನ್ನಿ ಬನ್ನಿ ಅಂತ ಬಾಗ್ಲಲ್ಲೇ ನಿಲ್ಲಿಸ್ಕಂಡಂಗಾಯ್ತಲ್ಲೋ" ಎಂದ ಮಾವ, ಫೋಟೋ ನಿಲ್ಲಿಸುವ ಗುಂಡಿ ಇಟ್ಟ.

"ಕಾಣದೋರಿಗೆ ಫೋಟೋ ಯಾಕ್ ಸ್ವಾಮಿ?" ಬ್ರೋಕರು ಕೇಳಿದರು.

"ಬಾಯಲ್ಲಿ ಹೇಳಿದ್ರೆ ಕಾಣ್ತದೆ."

ಹಾಗೆಂದು ಪ್ರತಿ ಫೋಟೋದ ಹಿಂದೆ ಸಾಫ್ಟ್‌ವೇರ್ ಓದಲೆಂದು ಇಂಗ್ಲಿಷಿನಲ್ಲಿ ವಿವರಣೆ ಬರೆದ. ಸುಳ್ಳು ಬರೆಯಲು ಅವನಿಗೆ ಬಾರದು. 'ಹೊಟ್ಟೆ ಒಳಗೆಳೆದುಕೊಂಡಿದ್ದಾರೆ, ಉಸಿರು ಬಿಡುವ ಮುಂಚೆ ತೆಗೆದ ಫೋಟೋ.' 'ಕೋಟು ಸ್ಟುಡಿಯೋದವರದ್ದು.' ಕಣ್ಣಿದ್ದವರಿಗೆ ಇದು ಕಾಣುವುದಿಲ್ಲವೆಂದು ಅವನ ಧೈರ್ಯ. ಆದರೆ ಆಗಿನ ಕಂಪ್ಯೂಟರುಗಳಲ್ಲಿ ಫೋಟೋ ಮೇಲೆ ಮೌಸ್ ನಿಲ್ಲಿಸಿದರೆ ಸಾಕು, ಅಡಗಿದ್ದ ಮಾತು ಹಳದಿ ಚೀಟಿಯಂತೆ ಎದ್ದು ನಿಲ್ಲುತ್ತಿತ್ತು! ಅರಕಲಗೂಡಿನ ಶುಂಠಿ ಬೆಳೆಗಾರರೊಬ್ಬರು ಮಗನ ಫೋಟೋ ಮೇಲೆ ಅದನ್ನು ಕಂಡು ಬಸ್ಸು ಹತ್ತಿ ಬಂದರು.

"ಏನ್ ಸಾ, ನನ್ ಮಗ ಒಂದ್ ಕೋಟ್‌ಗೂ ಗತಿ ಇಲ್ದೋನಾ?"

"ಕೋಟು ಬಿಚ್ಚಿ ಫೋಟೋ ತೆಗೆಸ್ಕಂಡ್ ಬರ್ಲಿ ಗೌಡ್ರೇ. ಮುಖ ಚೆನ್ನಾಗದೆ, ಅದ್ನೂ ಬರೀತೀನಿ."

ಎಲ್ಲ ಅಳಿಸಿ ಎಂದರು ಬ್ರೋಕರು. "ಬೇಕಾದ್ರೆ ಮಲ್ಲಿಗೆ ತೆಗೀತೀನಿ, ಮಾತು ತೆಗಿಯಲ್ಲ" ಎಂದ ಮಾವ.

ಅಷ್ಟರಲ್ಲಿ ಟೀಚರ್ ಫೋನ್ ಬಂತು. ಮಾವ ಎದ್ದು ನಿಂತು ಮಾತಾಡಿದ.

"ಎಲ್ರನ್ನೂ ನಿಲ್ಲಿಸಿ ನಿಲ್ಲಿಸಿ ಕೇಳ್ದೆ. ತುಂಬಾ ನಕ್ಕೆ. ಇದನ್ನ ಬರೆದೋರ ಫೋಟೋ ಯಾಕೆ ಹಾಕಿಲ್ಲ?"

ಊರಿಗೆಲ್ಲ ವಿವರಣೆ ಬರೆದವನು ತನ್ನದನ್ನು ಬಾಕಿ ಉಳಿಸಿ ಫೋನಿಟ್ಟ.

ಆಮೇಲೆ ಹೂವಿನಂಗಡಿಗೆ ಓಡಿದನೆಂದು ಅಮ್ಮ ಹೇಳುತ್ತಾಳೆ, ಅಕ್ಕಿಡಬ್ಬಿಯಲ್ಲಿ ಮೌಸ್ ಹುಡುಕುತ್ತಿದ್ದನೆಂದು ನಾನು. ಮದುವೆಯ ಮಾತೆತ್ತಿದ್ದು ತಾನೇ ಎಂದು ಮಾವ ಇವತ್ತಿಗೂ ಹೇಳಿಕೊಳ್ಳುತ್ತಾನೆ. ಅದೊಂದನ್ನು ಮಾತ್ರ, ಈಗ ನನಗೆ ಅತ್ತೆಯಾಗಿರುವ ಆ ಟೀಚರನ್ನೇ ಕೇಳಿ ಖಚಿತಪಡಿಸಿಕೊಂಡಿದ್ದೇನೆ.

"ಇಲ್ಲ ಕಣೋ. ಕೇಳಿದ್ದು ನಾನು."