ನಾಳೆಬನ್ನಿ ಟೈಲರ್ ತೋಳ ಸಾಕಿದ್ದು

ಬೆಳಿಗ್ಗೆ ಏಳೂವರೆಗೆ ಮಗಳು ತನ್ನ ಹಳೆಯ ಫೋನನ್ನು ಅಪ್ಪನ ಕೈಗಿಟ್ಟು, "ಅಪ್ಪ, ಇವತ್ತೊಂದಿನ ನನ್ನ ತೋಳ ನೋಡ್ಕೋ. ಮರೀಬೇಡ," ಅಂದಳು. ರಗಳೆ ಶುರುವಾದದ್ದೇ ಅಲ್ಲಿಂದ.

ತೋಳ ಇದ್ದದ್ದು ಫೋನಿನೊಳಗಿನ ಒಂದು ಆಟದಲ್ಲಿ. ಉಳಿದ ಮಕ್ಕಳೆಲ್ಲ ಅದರಲ್ಲಿ ನಾಯಿಮರಿ, ಮೊಲ ಅಂತ ಸಾಕಿಕೊಂಡು ಹಾಯಾಗಿದ್ದರೆ, ಇವಳು ಮಾತ್ರ ಕಾಡಿನಂಚಿನಲ್ಲಿ ಸುಳಿದಾಡುವ ಒಂದು ಬೂದು ತೋಳದ ಬೆನ್ನು ಬಿದ್ದಿದ್ದಳು. ನಲವತ್ತು ದಿನದಿಂದ ಅದಕ್ಕೆ ಮಾಂಸ ಇಟ್ಟು ಇಟ್ಟು ಬೇಲಿಯ ಹತ್ತಿರಕ್ಕೆ ತಂದಿದ್ದಳು. ಇವತ್ತು ಕಡೆಯ ದಿನ. ಸಂಜೆ ಐದಕ್ಕೆ ಬೇಲಿ ಹಾರಿ ಅಂಗಳಕ್ಕೆ ಬಂದರೆ ಬಂತು, ಇಲ್ಲದಿದ್ದರೆ ಮತ್ತೆ ಮುಖ ತೋರಿಸುವುದಿಲ್ಲ. ಶಾಲೆಯವರು ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೊರಟದ್ದೂ ಇವತ್ತೇ. ಫೋನು ತರಕೂಡದು ಅಂತ ಬೇರೆ ಹೇಳಿದ್ದರು.

"ಒಂಬತ್ತರಿಂದ ಗಂಟೆಗೊಂದ್ಸಲ ಬರುತ್ತೆ. ಮಾಂಸ ಇಡು. ಆಮೇಲೆ ಇಲ್ಲೊಂದು ಅಂಗೈ ಚಿತ್ರ ಇದೆ ನೋಡು, ಅದರ ಮೇಲೆ ಬೆರಳಿಟ್ಟು, ತಿಂದು ಹೋಗೋ ತನಕ ಎತ್ತಬಾರದು. ಎತ್ತಿದ್ರೆ ಹೆದರುತ್ತೆ. ಮೂರು ಸಲ ಹೆದರಿದ್ರೆ ಮುಗೀತು, ಓಡಿಹೋಗುತ್ತೆ. ಮರೀಬೇಡ ಅಪ್ಪ, ಹಾಂ? ಮರೀಬೇಡ."

ಟೈಲರನ ಎದೆ ಉಬ್ಬಿತು. ಈ ಮನೆಯಲ್ಲಿ ಏನನ್ನೂ ಮರೆಯದವಳೆಂದರೆ ಅವನ ಹೆಂಡತಿ. ಅವಳು ಅಲ್ಲೇ ಎದುರಿಗೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅವಳನ್ನು ಬಿಟ್ಟು ಮಗಳು ತನ್ನ ಕೈಗೆ ಕೊಟ್ಟಳಲ್ಲ!

ಬೀದಿಯಲ್ಲಿ ಅವನಿಗೆ ನಾಳೆಬನ್ನಿ ಟೈಲರ್ ಅಂತಲೇ ಹೆಸರು. ಹೊಲಿಗೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ನೆನಪು ಮಾತ್ರ ತೂತು ಜೇಬು. ಹೋದ ವರ್ಷ ಶಾಲೆಯ ನಾಟಕದಲ್ಲಿ ರಾಣಿಯಾಗಿದ್ದ ಮಗಳಿಗೆ ನಿಲುವಂಗಿ ಹೊಲಿದು ಕೊಟ್ಟಿದ್ದ, ನಾಟಕ ಮುಗಿದ ಮೂರನೆಯ ದಿನ. ರಾಣಿ ಸಮವಸ್ತ್ರದಲ್ಲೇ ರಾಜ್ಯಭಾರ ಮಾಡಿದಳು. ಅವತ್ತಿನಿಂದ ಮಗಳು ಅವನಲ್ಲಿ ಒಂದು ಗುಂಡಿ ಹಾಕಿಕೊಡು ಅಂತಲೂ ಕೇಳಿರಲಿಲ್ಲ. ಆ ನೋವು ಅವನಿಗಿತ್ತು. ಇವತ್ತು ಏನೇ ಆಗಲಿ, ತೋಳ ಅಂಗಳಕ್ಕೆ ಬರಲೇಬೇಕು.

ಒಂಬತ್ತಕ್ಕೆ ಅಂಗಡಿ ತೆಗೆಯುವ ಹೊತ್ತಿಗೆ ತೋಳ ಬಂತು, ತಿಂತು, ಹೋಯಿತು. ಟೈಲರ್ ಬೆವರು ಒರೆಸಿಕೊಂಡ. ಆಮೇಲೆ ಕೆಲಸಕ್ಕೆ ಕೂತರೆ ಕೈ ಓಡಲಿಲ್ಲ. ನಾಲ್ಕು ಹೊಲಿಗೆ ಹಾಕುವುದು, ಗಡಿಯಾರ ನೋಡುವುದು. ಕತ್ತರಿ ಎತ್ತುವುದು, ಗಡಿಯಾರ ನೋಡುವುದು. ಗಡಿಯಾರ ನಿಂತುಹೋಗಿದೆಯೇನೋ ಅಂತ ಎದ್ದು ಹೋಗಿ ಕಿವಿಯಿಟ್ಟು ಕೇಳುವುದು.

ಹತ್ತಕ್ಕೆ ಅವಸರದಲ್ಲಿ ಬೆರಳಿಟ್ಟು, ಮೊಣಕೈಯನ್ನು ನೇರ ಗುಂಡುಸೂಜಿಯ ಮೆತ್ತೆಯ ಮೇಲೆ ಊರಿದ. "ಅಯ್ಯೋ!" ಬೆರಳು ಎದ್ದಿತು. ತೋಳ ಕಿವಿ ಮಡಿಚಿ ಪೊದೆಗೆ ಹಾರಿತು. ಒಂದು ಸಲ ಹೆದರಿದಂತಾಯಿತು.

ಆ ಕೂಗಿಗೆ ಎದುರು ಕಟಿಂಗ್ ಅಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿಬಂದ. ವಿಷಯ ಕೇಳಿ ಅವನಿಗೂ ಹುರುಪು ಬಂತು. ಹನ್ನೊಂದಕ್ಕೆ ಟೈಲರ್ ಬೆರಳಿಟ್ಟು ಕೂತಿದ್ದಾಗ ಪಕ್ಕದಲ್ಲೇ ನಿಂತ.

"ಹಾಗಲ್ಲ ಮಾರಾಯ, ಅಷ್ಟು ಒತ್ತಬೇಡ. ಪ್ರೀತಿಯಿಂದ ಇಡು. ನನ್ನ ಕೈ ನೋಡು, ದಿನಾ ಜನರ ಕುತ್ತಿಗೆ ಮೇಲಿರೋ ಕೈ ಇದು, ಹೀಗೆ..." ಅನ್ನುತ್ತ ಟೈಲರನ ಮಣಿಕಟ್ಟು ಹಿಡಿದು ಅಲ್ಲಾಡಿಸಿದ.

ಎರಡಾಯಿತು.

"ಇನ್ನೊಂದೇ ಉಳಿದಿರೋದು ಕಣೋ! ಮಗಳಿಗೆ ಏನಂತ ಹೇಳ್ಲಿ?" ಟೈಲರ್ ಕೂಗಾಡಿದ. ಈ ಗದ್ದಲ ಕೇಳಿ ಪಕ್ಕದ ಔಷಧಿ ಅಂಗಡಿಯ ಅಕ್ಕನೂ ಬಂದಳು. ಕಟಿಂಗ್‌ನವನನ್ನು ಗದರಿಸಿ ಹೊಸ್ತಿಲಾಚೆ ನಿಲ್ಲಿಸಿ, ತಾನು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂತಳು. ಹನ್ನೆರಡು, ಒಂದು, ಎರಡು ಸುಸೂತ್ರವಾಗಿ ದಾಟಿದವು. ಅಕ್ಕನ ಅಂಗಡಿಗೆ ಕೆಮ್ಮಿನ ಔಷಧಿಗೆ ಬಂದವರೂ ಕೆಮ್ಮು ನುಂಗಿಕೊಂಡು ಕಿಟಕಿಯಲ್ಲಿ ನಿಂತರು.

ಎರಡೂವರೆಗೆ ಪೋಸ್ಟ್‌ಮಾಸ್ಟರು ಬಂದರು. ಅವರು ಅವತ್ತು ನಿವೃತ್ತರಾಗುವವರು. ಮೂರೂವರೆಗೆ ಬೀಳ್ಕೊಡುಗೆ ಸಭೆ, ಅದಕ್ಕೆ ಹೊಸ ಕೋಟು. ತಿಂಗಳಿಂದ ಹನ್ನೊಂದು ಸಲ "ನಾಳೆ ಬನ್ನಿ" ಅನ್ನಿಸಿಕೊಂಡು ಹೋದವರು.

"ಇನ್ನು ನಾಳೆ ಬಂದ್ರೆ ನಾನು ಪೋಸ್ಟ್‌ಮಾಸ್ಟರೇ ಅಲ್ಲ ಕಣಯ್ಯ. ಕೊಡು ಕೋಟು!"

"ಆಯ್ತು ಸಾರ್, ಕೂತ್ಕೊಳ್ಳಿ. ಕೆಳಗಡೆ ಅಂಚು ಒಂದು ಬಾಕಿ."

ಅಂಚು ಮಡಿಚಿ ಮಷೀನಿಗೆ ಕೊಡುವಷ್ಟರಲ್ಲಿ ಮೂರು ಹೊಡೆಯಿತು. ತೋಳ ಬಂದೇಬಿಟ್ಟಿತು. ಟೈಲರ್ ಎಡಗೈ ಬೆರಳನ್ನು ಫೋನಿನ ಮೇಲಿಟ್ಟ, ಬಲಗೈಯಲ್ಲಿ ಕೋಟು ಹಿಡಿದ, ಕಾಲಲ್ಲಿ ಮಷೀನು ತುಳಿದ. ಕಣ್ಣು ಮಾತ್ರ ತೋಳದ ಮೇಲೆ. ಇಪ್ಪತ್ತು ವರ್ಷ ಹೊಲಿದ ಕೈ, ನೋಡಬೇಕೇ? ಅಂಚು ನೂಲು ಹಿಡಿದಂತೆ ನೆಟ್ಟಗೆ ಬಂತು. ಪೋಸ್ಟ್‌ಮಾಸ್ಟರು ಕೋಟನ್ನು ಕಿತ್ತುಕೊಂಡು ತೊಟ್ಟು, ಬಾಗಿಲ ಕಡೆ ತಿರುಗಿದರು. ಹಿಂದಿನಿಂದ ಟೈಲರನೂ ಕುರ್ಚಿ ಬಿಟ್ಟೆದ್ದು, ಫೋನು ಹಿಡಿದುಕೊಂಡು ಅವರ ಹಿಂದೆಯೇ ಕುಪ್ಪಳಿಸುತ್ತ ಹೊರಟ. ಕೋಟಿನ ಅಂಚಿಗೆ ತನ್ನ ಅಂಗಿಯ ಮುಂಭಾಗವನ್ನೂ ಸೇರಿಸಿ ಹೊಲಿದಿದ್ದ.

"ಏನಯ್ಯ ಇದು, ಕೋಟಿನ ಜೊತೆ ಟೈಲರೂ ಬರ್ತಾನಾ?"

"ಅಲ್ಲಾಡ್ಬೇಡಿ ಸಾರ್, ನಿಮ್ಮ ದಮ್ಮಯ್ಯ! ತೋಳ ತಿಂತಾ ಇದೆ!"

ಪೋಸ್ಟ್‌ಮಾಸ್ಟರಿಗೆ ತೋಳದ ಸುದ್ದಿ ಯಾರೂ ಹೇಳಿರಲಿಲ್ಲ. ಅವರು ಇದ್ದಲ್ಲೇ ಕಂಬವಾದರು. ಹಿಂದೆ ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ. "ಏನನ್ನ?" ಅಂದರು ಮೆಲ್ಲಗೆ.

"ಮಾಂಸ ಸಾರ್."

ಅಷ್ಟರಲ್ಲಿ ಕಟಿಂಗ್‌ನವನು ತನ್ನ ಕತ್ತರಿ ತಂದು, ಪಾಪ ಪರಿಹಾರ ಅಂದುಕೊಂಡೋ ಏನೋ, ಟೈಲರನ ಅಂಗಿಯನ್ನು ಹೊಟ್ಟೆಯ ಹತ್ತಿರ ಕತ್ತರಿಸಿ ಇಬ್ಬರನ್ನೂ ಬಿಡಿಸಿದ. ಪೋಸ್ಟ್‌ಮಾಸ್ಟರು ಬೆನ್ನ ಹಿಂದೆ ನೀಲಿ ಚೌಕಳಿ ಬಟ್ಟೆಯ ಬಾಲ ಬಿಟ್ಟುಕೊಂಡು ಬೀಳ್ಕೊಡುಗೆಗೆ ಓಡಿದರು. ಟೈಲರ್ ಹೊಕ್ಕುಳು ಕಾಣುವ ಅಂಗಿಯಲ್ಲಿ ಅಲ್ಲೇ ನಿಂತ. ಬೆರಳು ಎತ್ತಿರಲಿಲ್ಲ.

ನಾಲ್ಕೂ ದಾಟಿತು. ಐದಕ್ಕೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತೋಳ ಬೇಲಿಯ ಹತ್ತಿರ ಬಂದು ನಿಂತಿತು. ಮಾಂಸವನ್ನು ಮೂಸಲೂ ಇಲ್ಲ. ಅಕ್ಕ ಟೈಲರನ ಮೊಣಕೈಗೆ ಬಟ್ಟೆಯ ಥಾನು ಆಸರೆ ಕೊಟ್ಟಳು. ತೋಳ ಒಂದು ಸಲ ಹಿಂದೆ ತಿರುಗಿ ಕಾಡಿನ ಕಡೆ ನೋಡಿತು. ಆಮೇಲೆ ಬೇಲಿ ಹಾರಿ ಬಂದು, ಆ ಅಂಗೈ ಚಿತ್ರದ ಮೇಲೆ ಗದ್ದವಿಟ್ಟು ಮಲಗಿತು.

ಅಂಗಡಿಯಲ್ಲಿ ಹೋ ಎಂದು ಕೂಗೆದ್ದಿತು. ಕಟಿಂಗ್‌ನವನು ಅಕ್ಕನನ್ನು ತಬ್ಬಿಕೊಳ್ಳಲು ಹೋಗಿ ಬೈಸಿಕೊಂಡ. ಟೈಲರ್ ಕಣ್ಣೊರೆಸಿಕೊಂಡ. ಜೀವಮಾನದಲ್ಲಿ ಮೊದಲ ಬಾರಿ ಹೇಳಿದ ಕೆಲಸವನ್ನು ಹೇಳಿದ ಹೊತ್ತಿಗೆ ಮಾಡಿದ್ದ.

ಆರಕ್ಕೆ ಐದು ನಿಮಿಷವಿರುವಾಗ ಮಗಳು ಬಂದಳು. ಚೀಲ ಇಳಿಸುವ ಮೊದಲೇ, "ಹೋಯ್ತಾ ಅಪ್ಪ?" ಅಂದಳು.

"ಹೋಗೋದಾ? ನೋಡಿಲ್ಲಿ ಪುಟ್ಟಿ!" ಟೈಲರ್ ಎಳೆಗೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಫೋನು ಚಾಚಿದ.

ಮಗಳು ನೋಡಿದಳು. ಆಮೇಲೆ ಜೋರಾಗಿ ಅಳಲು ಶುರುಮಾಡಿದಳು.

"ಯಾಕಪ್ಪ ಬರೋಕೆ ಬಿಟ್ಟೆ? ಅದರ ಗುಂಪಿನವೆಲ್ಲ ಕಾಡಲ್ಲೇ ಇವೆ. ಅಂಗಳಕ್ಕೆ ಬಂದ್ರೆ ಮತ್ತೆ ವಾಪಸ್ ಹೋಗೋ ಹಾಗಿಲ್ಲ ಅಂತ ನಿನ್ನೆ ಗೊತ್ತಾಯ್ತು. ನಾನೇ ಓಡಿಸೋಣ ಅಂದ್ರೆ ಮನಸ್ಸು ಬರ್ಲಿಲ್ಲ. ಅದಕ್ಕೇ ನಿನ್ನ ಕೈಲಿ ಕೊಟ್ಟೆ."

"ನನ್ನ ಕೈಲಿ ಯಾಕೆ?"

"ಅಮ್ಮನ ಕೈಲಿ ಕೊಟ್ಟಿದ್ರೆ ಅವಳು ಮರೀತಿರ್ಲಿಲ್ಲ."

ಅಕ್ಕನಿಗೆ ತಟ್ಟನೆ ತನ್ನ ಅಂಗಡಿಯ ನೆನಪಾಯಿತು. ಕಟಿಂಗ್‌ನವನಿಗೆ ಅರ್ಧ ಗಡ್ಡದ ಗಿರಾಕಿಯ ನೆನಪಾಯಿತು. ಐದೇ ನಿಮಿಷದಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು.

"ಮತ್ತೆ ಮರೀಬೇಡ, ಮರೀಬೇಡ ಅಂತ ಅಷ್ಟು ಸಲ ಹೇಳ್ದೆ?"

"ಹಾಗೆ ಹೇಳಿದ್ರೆ ತಾನೇ ನೀನು ಮರೆಯೋದು?" ಮಗಳು ಮೂಗು ಒರೆಸಿಕೊಂಡಳು. "ನನಗೆ ಅದರ ಮುಖ ನೋಡೋಕಾಗಲ್ಲ. ನೀನೇ ಕರೆದದ್ದು, ಇನ್ನು ನೀನೇ ಸಾಕು. ಅಂಗಳಕ್ಕೆ ಬಂದ ಮೇಲೆ ಅರ್ಧ ಗಂಟೆಗೊಂದ್ಸಲ ತಿನ್ನುತ್ತೆ."

ಟೈಲರ್ ಫೋನಿನ ಕಡೆ ನೋಡಿದ. ತೋಳ ನಿದ್ದೆಯಿಂದೆದ್ದು ಬಾಯಿ ಕಳೆದು ಅವನನ್ನೇ ನೋಡುತ್ತಿತ್ತು.

"ಎಷ್ಟು ವರ್ಷ ಬದುಕುತ್ತಮ್ಮ ಇದು?"

"ಆಟದಲ್ಲಿ ತೋಳ ಸಾಯಲ್ಲ ಅಪ್ಪ," ಅಂದಳು ಮಗಳು.